ಪಂಪ್ ಮನೆಯ ಕೈಪಟ್ಟಿ

ಎಲ್ಲ ರಾದ್ಧಾಂತಕ್ಕೂ ಕಾರಣ ಆ ಕೈಪಟ್ಟಿ. ಪಂಪ್ ಮನೆಯ ಆಪರೇಟರ್ ಅದನ್ನು ಕಟ್ಟಿಕೊಂಡೇ ಕೂರಬೇಕೆಂದು ಹೊಸ ನಿಯಮ ಬಂದಿತ್ತು. ನಾಡಿ ನೋಡಿ, ಇವನಿಗೆ ತಲೆಬಿಸಿ ಜಾಸ್ತಿಯಾಯಿತು ಅನ್ನಿಸಿದರೆ ಕಂಪ್ಯೂಟರು ಒಂದೊಂದೇ ಪಂಪನ್ನು ತಾನೇ ನೋಡಿಕೊಳ್ಳುತ್ತದೆ. ಆರಾಮಾಗಿದ್ದಾನೆ ಅನ್ನಿಸಿದರೆ ವಾಪಸ್ಸು ಅವನ ತಲೆಗೇ ಕಟ್ಟುತ್ತದೆ.

ನಮ್ಮ ಆಪರೇಟರನ ಮನೆಯಲ್ಲಿ ಮೂರು ತಿಂಗಳ ಅವಳಿ ಕೂಸುಗಳು. ಎರಡೂ ಪಾಳಿ ಹಾಕಿಕೊಂಡು ಅಳುತ್ತಿದ್ದವು. ನಾಲ್ಕು ದಿನದಿಂದ ಅವನು ಕಣ್ಣು ಮುಚ್ಚಿರಲಿಲ್ಲ. ಇವತ್ತು ಒಂದೇ ಒಂದು ಗಂಟೆ ನಿದ್ದೆ ಸಿಕ್ಕರೆ ಬದುಕಿಕೊಂಡೇನು ಅಂದುಕೊಂಡಿದ್ದ. ಆದರೆ ಸುಸ್ತಿಗೂ ನೆಮ್ಮದಿಗೂ ಆ ದರಿದ್ರ ಪಟ್ಟಿಗೆ ವ್ಯತ್ಯಾಸವೇ ತಿಳಿಯದು. ತೂಕಡಿಸುತ್ತಿದ್ದವನನ್ನು ಪರಮ ಶಾಂತ ಮನುಷ್ಯ ಎಂದುಕೊಂಡು ಆರರಲ್ಲಿ ನಾಲ್ಕು ಪಂಪು ಅವನಿಗೇ ಕೊಟ್ಟಿತು.

"ಸ್ವಲ್ಪ ತಲೆ ಕೆಡಿಸ್ಕೊಳಪ್ಪಾ, ಆಗ ಬಿಡುತ್ತೆ," ಎಂದು ಸ್ಟೋರ್‌ಕೀಪರು ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮತ್ತೆ ಬಂದು ಆರು ತಿಂಗಳು ಝಂಡಾ ಹೂಡ್ತಾರೆ ಅಂದ್ಕೋ."

ಕೂಸು ಎತ್ತಿಕೊಳ್ಳಲು ಇನ್ನೆರಡು ಕೈ! ಆಪರೇಟರನ ಮುಖ ಅರಳಿತು. ಐದನೇ ಪಂಪೂ ಬಂತು.

"ನೀವು ಸಹಾಯ ಮಾಡಿದ್ದು ಸಾಕು ಮಾರಾಯ್ರೇ!"

ಆಗ ಕಣ್ಣಿಗೆ ಬಿದ್ದವರು ಗಾಬರಿ ಗುಮಾಸ್ತರು. ಫೋನು ರಿಂಗಾದರೆ ಬೆವರುವ, ಒಂದು ಸಹಿ ಹಾಕಲು ನಾಲ್ಕು ಸಲ ನೀರು ಕುಡಿಯುವ ಜೀವ.

"ಅಣ್ಣಾ, ಕೈ ಮುಗೀತೀನಿ. ಒಂದು ಗಂಟೆ ಇದನ್ನ ಕಟ್ಕೊಂಡು ಇಲ್ಲೇ ಕೂತಿರಿ."

"ಅಯ್ಯಯ್ಯೋ, ನಂಗ್ಯಾಕಪ್ಪಾ!" ಎಂದು ಅವರು ನಡುಗುತ್ತಲೇ ಕಟ್ಟಿಕೊಂಡರು. ಕಂಪ್ಯೂಟರು ಬೆಚ್ಚಿಬಿದ್ದು ಆರೂ ಪಂಪುಗಳನ್ನು ಕಿತ್ತುಕೊಂಡಿತು. ಆಪರೇಟರ್ ಸ್ಟೋರಿನ ಗೋಣಿಚೀಲಗಳ ಮೇಲೆ ಬಿದ್ದುಕೊಂಡ.

ಹತ್ತು ನಿಮಿಷವೂ ಆಗಿರಲಿಲ್ಲ, ಸೈರನ್ನು ಹೊಡೆದುಕೊಂಡಿತು. ಬರಿಗಾಲಲ್ಲಿ ಓಡಿ ಬಂದು ನೋಡಿದರೆ ಆರಕ್ಕೆ ಆರೂ ಪಂಪು ಅವನ ಪಾಲಿಗೆ! ಟ್ಯಾಂಕು ತುಂಬಿ ಹರಿಯುತ್ತಿದೆ, ಗುಮಾಸ್ತರು ಕಾಲು ಚಾಚಿ ಹಾಡು ಗುನುಗುತ್ತಿದ್ದಾರೆ.

"ಇದೇನಣ್ಣಾ! ನಿಮ್ಮ ಗಾಬರಿ ಎಲ್ಲಿ ಹೋಯ್ತು?"

"ಹೋಗೇಬಿಡ್ತಪ್ಪಾ! ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದ್ಲು. ಏನೇ ಎಡವಟ್ಟಾದ್ರೂ ಇವತ್ತು ನಿನ್ನ ಹೆಸರಿಗೆ ತಾನೆ?"

ಆಪರೇಟರ್ ಪಟ್ಟಿಯ ನೆನಪೇ ಇಲ್ಲದೆ ಸಂಜೆವರೆಗೂ ಆರು ಪಂಪುಗಳ ಜೊತೆ ಒದ್ದಾಡಿದ. ಪಾಳಿ ಮುಗಿಯುವ ಹೊತ್ತಿಗೆ ಇಂಜಿನಿಯರ್ ಸಾಹೇಬರು ರಿಪೋರ್ಟು ಹಿಡಿದು ಬಂದವರೇ ಅವನ ಭುಜ ತಟ್ಟಿದರು.

"ಸೈರನ್ ಹೊಡ್ಕೊಂಡ್ರೂ ನಿಮ್ಮ ನಾಡಿ ಒಂಚೂರೂ ಅಲ್ಲಾಡಿಲ್ವಲ್ರೀ! ಇಂಥ ಗಟ್ಟಿ ಗುಂಡಿಗೆ ಇಲಾಖೇಲೇ ಇನ್ನೊಬ್ರಿಗಿಲ್ಲ. ನಾಳೆಯಿಂದ ಪಕ್ಕದ ಪಂಪ್ ಮನೆಯ ಆರು ಪಂಪನ್ನೂ ನೀವೇ ನೋಡ್ಕೊಳ್ಳಿ."

ಆಪರೇಟರನ ಎದೆ ಧಸಕ್ಕೆಂದಿತು, ತಲೆ ಗಿರ್ರನೆ ತಿರುಗಿತು. ಇಡೀ ದಿನ ಬೇಡಿಕೊಂಡಿದ್ದ ತಲೆಬಿಸಿ ಕೊನೆಗೂ ಬಂದಿತ್ತು. ಪಟ್ಟಿ ಮಾತ್ರ ಗುಮಾಸ್ತರ ಕೈಯಲ್ಲೇ ಮನೆಗೆ ಹೋಗಿತ್ತು.