ನಾಲ್ಕು ತಾಲೂಕಿನ ಡಾಕ್ಟರರೂ ಅತ್ತೆಯ ಹತ್ತು ಬೆರಳೂ

ನಾಲ್ಕು ತಾಲೂಕಿನ ಡಾಕ್ಟರರಿಗೆ ತಾನೇ ಔಷಧ ಹೇಳಿ ಬಂದ ರೋಗಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಅವರ ಮನೆಗೇ ಸೊಸೆಯಾಗಿ ಹೋಗಿದ್ದೇನೆ!

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಇಂಡಿಯಲ್ಲಿ, ನಾನು ಪಾಠ ಹೇಳುತ್ತಿದ್ದ ಶಾಲೆ ಝಳಕಿಯಲ್ಲಿ. ಮುಂಜಾನೆ ಏಳರ ಬಸ್ಸು ಹಿಡಿಯಬೇಕು. ಅತ್ತೆಗೆ ಅರವತ್ತು ದಾಟಿತ್ತು. ಎರಡೂ ಕೈಯ ಬೆರಳ ಗಿಣ್ಣುಗಳು ಬಾತುಕೊಂಡು, ಎದ್ದ ಕೂಡಲೇ ಮುಷ್ಟಿ ಮುಚ್ಚಲೂ ಬರುತ್ತಿರಲಿಲ್ಲ. ಆದರೂ ಒಲೆಯ ಮುಂದೆ ಕೂತು ಟಪಟಪ ಎಂದು ಹನ್ನೆರಡು ಜೋಳದ ರೊಟ್ಟಿ ಬಡಿಯುವವರು ಅವರೇ. ನಾನು ಹಿಟ್ಟಿಗೆ ಕೈ ಹಚ್ಚಿದೆನೋ, ಮುಗಿಯಿತು!

“ದೂರ ಸರಿ! ನೀ ಬಡಿದ ರೊಟ್ಟಿ ದುಂಡಗ ಎಲ್ಲೈತಿ? ಅದಕ್ಕ ಎಷ್ಟು ಮೂಲಿ ಅದಾವು ಅಂತ ನಿನ್ನ ಸಾಲಿ ಹುಡುಗರಿಗೇ ಎಣಸಾಕ ಹಚ್ಚು!”

ಹೋಗಲಿ, ಕೈಗೆ ಎಣ್ಣೆ ತಿಕ್ಕುತ್ತೇನೆ ಅಂದರೂ ಮುಟ್ಟಗೊಡುತ್ತಿರಲಿಲ್ಲ. ಎರಡೂ ಕೈ ಸರ್ರನೆ ಸೆರಗಿನೊಳಗೆ ಹೋಗಿಬಿಡುತ್ತಿದ್ದವು.

ಆ ಎಣ್ಣೆಯನ್ನು ಅವರೇ ಕಾಯಿಸುತ್ತಿದ್ದರು. ಬಳ್ಳೊಳ್ಳಿ, ಇಂಗು, ಓಂಕಾಳು, ಇನ್ನೂ ಏನೇನೋ. ಅದನ್ನು ಹಚ್ಚಿಕೊಂಡು, ಡಾಕ್ಟರರಿಗೆ ಕೈ ತೋರಿಸಲು ಸಿಂದಗಿಯ ಬಸ್ಸು ಹತ್ತಿದರೆ ಎಂಥ ಗದ್ದಲದಲ್ಲೂ ನಮಗೆ ಸೀಟು! ನಮಗಷ್ಟೇ ಅಲ್ಲ, ನಮ್ಮ ಹಿಂದಿನ ಎರಡು ಸಾಲೂ ಖಾಲಿ. ಸಿಂದಗಿಯ ಡಾಕ್ಟರರಿಗೆ ಅಂದು ನೆಗಡಿಯಾಗಿತ್ತು. “ಏನ್ರಿ ಆಯಿ, ಏನು ತ್ರಾಸು?” ಎಂದು ಕೇಳಿ ಸೀನಿದರು. ಅತ್ತೆಗೆ ಅಷ್ಟು ಸಾಕಾಯಿತು.

“ಬರಕೋ ತಮ್ಮಾ. ಒಣ ಸುಂಠಿ, ಮೆಣಸು, ಬೆಲ್ಲ...”

ಪಾಪ, ಬರೆದುಕೊಂಡರು! ಆಮೇಲೆ ನಾವು ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದರೆ ಅವನು ಎರಡೆರಡು ಸಲ ಓದಿ, “ಇದು ಕಿರಾಣಿ ಅಂಗಡ್ಯಾಗ ಸಿಗತೈತ್ರಿ” ಅಂದ. ಡಾಕ್ಟರರು ತಮ್ಮ ಕಷಾಯದ ಚೀಟಿಯನ್ನು ನಮಗೆ ಕೊಟ್ಟು, ನಮ್ಮದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು!

ಮುದ್ದೇಬಿಹಾಳದ ನಾಟಿ ವೈದ್ಯರು ಹುಣಸೆ ಎಲೆ ಬೇಯಿಸಿ ಎರಡೂ ಕೈಗೆ ಕಟ್ಟಿ, ಅತ್ತೆಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿದರು. ವೈದ್ಯರ ಮನೆಯ ಆಡಿಗೆ ವಾಸನೆ ಹತ್ತಿತು. ಕೈ ಎರಡೂ ಕಟ್ಟಿವೆ, ಓಡಿಸುವುದು ಹೇಗೆ? ಅತ್ತೆ ಬಾಯಿಂದಲೇ ಓಡಿಸಲು ನೋಡಿದರು. ಆ ಬೈಗುಳಕ್ಕೆ ಓಣಿಯ ಜನವೆಲ್ಲ ಸರಿದು ನಿಂತಿತು, ಆಡು ಮಾತ್ರ ಕದಲಲಿಲ್ಲ. ಬಟ್ಟೆಯನ್ನೂ ಬಿಡದೆ ಮೇಯ್ದು ಹೋಯಿತು. ಕೊನೆಗೆ ಆಡಿಗೆ ಹೊಟ್ಟೆ ಉಬ್ಬಿದರೆ ಏನು ಕುಡಿಸಬೇಕೆಂದು ವೈದ್ಯರಿಗೆ ಅತ್ತೆಯೇ ಹೇಳಿಕೊಟ್ಟು ಬಂದರು.

ಬಸವನ ಬಾಗೇವಾಡಿಯ ವೈದ್ಯರಿಗೆ ಸೊಂಟ ಹಿಡಿದಿತ್ತು. ಅವರನ್ನೇ ಬೋರಲು ಮಲಗಿಸಿ, ಜೊತೆಗೆ ಬಂದಿದ್ದ ನಮ್ಮ ಯಜಮಾನರ ಕೈಯಿಂದ ಆ ಎಣ್ಣೆ ತಿಕ್ಕಿಸಿದ ಕಥೆಯನ್ನು ಬಿಡಿಸಿ ಹೇಳುವುದು ಬೇಡ. ಆ ವೈದ್ಯರಿಗೂ ಮಾನ ಮರ್ಯಾದೆ ಇದೆಯಲ್ಲ!

ಕಡೆಗೆ ನಮ್ಮ ಇಂಡಿಗೇ ಒಬ್ಬ ಹೊಸ ಡಾಕ್ಟರರು ಬಂದರು. ಚಿಕ್ಕ ವಯಸ್ಸು. ಒಂದೊಂದೇ ಬೆರಳು ಹಿಡಿದು ನೋಡಿದರು.

“ಇದು ಸಂಧಿವಾತ ಐತ್ರಿ ಆಯಿ. ಉಂಡ ಮ್ಯಾಲೆ ಗುಳಿಗಿ ತಗೋರಿ. ಮುಂಜಾನೆ ಬಿಸಿನೀರಾಗ ಕೈ ಇಟ್ಟು ಮೆಲ್ಲಕ ತೆರೆದು ಮುಚ್ಚರಿ. ರೊಟ್ಟಿ ಬಡಿಯೂದು ಬಂದ್ ಮಾಡ್ರಿ. ಇಲ್ಲಂದ್ರ ಬೆರಳು ಸೊಟ್ಟ ಆಗಿ ಹಂಗ ನಿಂತುಬಿಡ್ತಾವು.”

“ತಮ್ಮಾ, ನೀ ಏನ್ ಉಣ್ತೀಪಾ?”

“ರೊಟ್ಟೀನ ಉಣ್ತೇನ್ರಿ.”

“ಯಾರು ಬಡೀತಾರ?”

“ನಮ್ಮವ್ವ.”

“ಆಕಿ ಕೈ ಎಂದಾರ ನೋಡೀಯೇನು?”

ಮುಂದಿನ ವಾರ ಹೋದಾಗ ನಮಗಿಂತ ಮೊದಲು ಒಬ್ಬ ಮುದುಕಿ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರರ ತಾಯಿ!

ಮನೆಯಲ್ಲಿ ಅತ್ತೆ ಗುಳಿಗೆ ನುಂಗಿದರು, ಬಿಸಿನೀರಿನಲ್ಲಿ ಕೈಯನ್ನೂ ಇಟ್ಟರು. ರೊಟ್ಟಿ ಮಾತ್ರ ಬಿಡಲಿಲ್ಲ. ಒಂದೊಂದು ಪೆಟ್ಟಿಗೂ ಹಲ್ಲು ಕಚ್ಚುತ್ತಿದ್ದರು. ಏನು ಸೊಕ್ಕಪ್ಪಾ ಈ ಮುದುಕಿಗೆ, ಒಲೆ ಬಿಟ್ಟುಕೊಟ್ಟರೆ ರಾಜ್ಯ ಹೋಗುತ್ತದೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಒಂದು ಮುಂಜಾನೆ ಅವರಿಗಿಂತ ಮೊದಲೇ ಎದ್ದು ರೊಟ್ಟಿ ಬೇಯಿಸುವ ಹಂಚನ್ನೇ ಬಚ್ಚಿಟ್ಟೆ.

“ಹಂಚು ಎಲ್ಲೈತಿ?”

“ಕೊಡೂದಿಲ್ರಿ ಅತ್ಯಾರ. ನಾ ಸಾಲಿ ನೌಕರಿ ಬಿಡ್ತೇನಿ, ರೊಟ್ಟಿ ನಾನೇ ಬಡೀತೇನಿ. ನಿಮ್ಮ ಕೈ ಸೊಟ್ಟ ಆಗೂದು ನನಗ ನೋಡಾಕ ಆಗೂದಿಲ್ಲ.”

ಅತ್ತೆ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಸುಮ್ಮನೆ ಒಲೆಯ ಮುಂದೆ ಕೂತರು.

“ನನ್ನ ಮೂರನೇ ಇಯತ್ತೆಗೆ ಸಾಲಿ ಬಿಡಿಸಿದ್ರು, ರೊಟ್ಟಿ ಬಡಿಯಾಕಂತ. ಈಗ ನೀನೂ ಅದಕ್ಕ ಬಿಡ್ತೀಯೇನು? ನಿನ್ನ ರೊಟ್ಟಿಗೆ ಮೂಲಿ ಎಲ್ಲಿ ಅದಾವಬೇ ಹುಚ್ಚಿ? ಛೊಲೋನ ಅದಾವು. ಛೊಲೋ ಅಂದೆ ಅಂದ್ರ ದಿನಾ ನೀನ ಕುಂಡ್ರತೀ, ಏಳರ ಬಸ್ಸು ತಪ್ಪತೈತಿ ಅಂತ ಅಂದಿದ್ದಿಲ್ಲ.”

ಬಚ್ಚಿಟ್ಟ ಹಂಚನ್ನು ತಂದು ಒಲೆಯ ಮೇಲೆ ಇಟ್ಟೆ. ಅಷ್ಟರಲ್ಲಿ ಅತ್ತೆ ಹಿತ್ತಲ ಕಡೆ ತಿರುಗಿ ಮಗನನ್ನು ಕೂಗಿದರು.

“ಏ, ಎಷ್ಟು ಹಲ್ಲು ತಿಕ್ಕತೀಯೋ! ಕೈ ತೊಳಕೊಂಡು ಬಾ. ಇವತ್ತಿನಿಂದ ರೊಟ್ಟಿ ನೀ ಬಡಿ. ಬಾಗೇವಾಡ್ಯಾಗ ಅಷ್ಟು ಛೊಲೋ ಎಣ್ಣಿ ತಿಕ್ಕೀದಿ, ಇದು ಬರೂದಿಲ್ಲೇನು?”

ಯಜಮಾನರು ಬಡಿದ ಮೊದಲ ರೊಟ್ಟಿಗೆ ಎಷ್ಟು ಮೂಲೆಗಳಿದ್ದವೋ ನಾನು ಎಣಿಸಲಿಲ್ಲ. ಬೋಗುಣಿಯಲ್ಲಿ ಬಿಸಿನೀರು ತಂದು ಅತ್ತೆಯ ಮುಂದೆ ಇಟ್ಟೆ. ಅವರು ಸೆರಗಿನೊಳಗಿಂದ ಎರಡೂ ಕೈ ತೆಗೆದು, ಮೊದಲ ಸಲ, ನನ್ನ ಕೈಯಲ್ಲಿ ಇಟ್ಟರು. ಒಂದೊಂದೇ ಬೆರಳನ್ನು ನೀರಿನೊಳಗೆ ಮೆಲ್ಲಗೆ ಬಿಡಿಸಿದೆ. ಕಣ್ಣು ತುಂಬಿ ನನಗೆ ಏನೂ ಕಾಣುತ್ತಿರಲಿಲ್ಲ.

“ಬಸ್ಸು ಹೋತಲ್ಲಬೇ,” ಅಂದರು.

“ಹೋಗ್ಲಿರಿ ಅತ್ಯಾರ. ಎಂಟಕ್ಕ ಇನ್ನೊಂದು ಐತಿ,” ಅಂದೆ.

ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.