ಅವ್ವನ ಒಣ ಕಾಲು

ನಮ್ಮ ಮನೆಯವರು ಊರು ಬಿಟ್ಟು ಹೊರಟರೆ ಏನೂ ಆಗದೆ ವಾಪಸು ಬಂದದ್ದು ನಾನಂತೂ ಕಂಡಿಲ್ಲ. ಹೋದ ದಸರಾ ರಜೆಯಲ್ಲೂ ಹಾಗೇ ಆಯಿತು.

ನಾನು ಮಾನ್ವಿಯಲ್ಲಿ ಶಾಲೆ ಟೀಚರು. ಮಂದಿಯ ಗದ್ದೆಯಲ್ಲಿ ನಾಟಿ ಮಾಡಿಯೇ ನನ್ನನ್ನು ಓದಿಸಿದವಳು ನನ್ನ ಅವ್ವ. ಅವಳಿಗೆ ಇದ್ದದ್ದು ಒಂದೇ ಆಸೆ, ಸಮುದ್ರದಲ್ಲಿ ಒಮ್ಮೆ ಕಾಲಿಡಬೇಕು. ರಾಯಚೂರಿನಿಂದ ಬಾಡಿಗೆ ಕಾರು ಮಾಡಿಕೊಂಡು ಉಡುಪಿ ಕಡೆ ಹೋದೆವು. ಹೊಳೆ ಸಮುದ್ರ ಸೇರುವ ಜಾಗದಲ್ಲಿ, ನೀರಿಗೆ ಮೆಟ್ಟಿಲು ಇದ್ದ ಒಂದು ಮನೆಯಲ್ಲಿ ಉಳಿದೆವು. ಜೊತೆಗೆ ಅವ್ವನ ತಮ್ಮ, ಅಂದರೆ ನನ್ನ ಮಾಮ. ಅವನ ಗದ್ದೆ ಕಾಲುವೆಯ ಕಟ್ಟಕಡೆಗಿದೆ. ಮೇಲಿನ ಗದ್ದೆಯವರು ನೀರು ತಿರುವಿಕೊಂಡರೆಂದು ಜಗಳ ತೆಗೆಯದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ.

ಸ್ಟಾಪಿಲ್ಲದ ದೋಣಿ

ಮೊದಲ ದಿನ ದ್ವೀಪ ನೋಡಲು ದೋಣಿ ಹತ್ತಿದೆವು. ಈ ಕಡೆ ಕಟ್ಟೆಯಿಂದ ಹತ್ತಿ ಆ ಕಡೆ ಕಟ್ಟೆಗೆ ಇಳಿಯುವುದು. ದ್ವೀಪದ ತುಂಬ ಬಂಡೆ. ಯಾರಾದರೂ ನೀರಿನ ಹತ್ತಿರ ಹೋದರೆ ಸೀಟಿ ಊದಲು ಒಬ್ಬ ಕಾವಲುಗಾರ ಬೇರೆ. ವಾಪಸು ಬರುವಾಗ ನಡು ಸಮುದ್ರದಲ್ಲಿ ಅವ್ವ ಎದ್ದು ನಿಂತು ದೋಣಿಯವನಿಗೆ ಕೈ ಮಾಡಿದಳು.

“ಯಪ್ಪಾ, ಇಲ್ಲೇ ಎರಡು ನಿಮಿಷ ನಿಂದರ್ಸು. ಕಾಲು ತೋಯ್ಸಿಕೊಂಡು ಬರ್ತೀನಿ.”

“ಅಜ್ಜಿ, ಕೂತ್ಕೊಳ್ಳಿ! ಇಲ್ಲಿ ತೆಂಗಿನ ಮರದಷ್ಟು ಆಳ ಉಂಟು!”

ಅವ್ವ ಮುಖ ಸಣ್ಣದು ಮಾಡಿಕೊಂಡು ಕೂತಳು.

“ಇದಕ್ಕಿಂತ ನಮ್ಮ ದೇವದುರ್ಗದ ಬಸ್ಸೇ ಚಲೋ. ಕೈ ಮಾಡಿದಲ್ಲಿ ನಿಂದರ್ತದ.”

ಪಾಪ ಅನ್ನಿಸಿದ ಊಟ

ಆ ದಿನ ಮಧ್ಯಾಹ್ನ ಮನೆಯೊಡತಿ ಕುಚಲಕ್ಕಿ ಅನ್ನ ಬಡಿಸಿದರು. ಮಾಮ ಭತ್ತ ಬೆಳೆಯುವವನು. ಒಂದು ಅಗುಳು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕೆಂಪಗೆ, ದಪ್ಪಗೆ ಇತ್ತು.

“ಅಕ್ಕಾರ, ನಿಮಗ ಯಾರೋ ಮೋಸ ಮಾಡ್ಯಾರ. ಊರಿಗೆ ಹೋದಕೂಡ್ಲೇ ಒಂದು ಚೀಲ ಸೋನಾ ಅಕ್ಕಿ ಕಳಿಸ್ತೀನಿ, ಚಿಂತಿ ಮಾಡಬ್ಯಾಡ್ರಿ.”

ಅವರು ನಗುತ್ತ ಒಳಗೆ ಹೋದರು. ರಾತ್ರಿ ಊಟಕ್ಕೆ ಮಾಮ ಚೀಲದಿಂದ ಜೋಳದ ಕಟಿ ರೊಟ್ಟಿ ತೆಗೆದು, ಒಂದನ್ನು ಅವರಿಗೂ ಕೊಟ್ಟ. ಅವರು ಕಟಮ್ ಎಂದು ಕಡಿದರು. ಹಲ್ಲು ನೆಟ್ಟಗಿವೆಯೋ ಎಂದು ನಾಲಿಗೆಯಿಂದ ತಡವಿ ನೋಡಿಕೊಂಡರು. ಆಮೇಲೆ ನನ್ನ ಕಿವಿಯಲ್ಲಿ ಕೇಳಿದರು:

“ಪಾಪ, ನಿಮ್ಮ ಕಡೆ ದಿನಾ ಇದನ್ನೇ ತಿನ್ನುವುದಾ?”

ಸಮುದ್ರ ಎಲ್ಲಿಗೆ ಹೋಗುತ್ತದೆ?

ಎರಡನೆಯ ದಿನ ದೀಪಸ್ತಂಭ ಹತ್ತಿ ಇಳಿದು ಸಂಜೆ ಮನೆಗೆ ಬಂದಾಗ ನೀರು ಮೇಲಿನ ಮೆಟ್ಟಿಲಿಗೇ ಅಪ್ಪಳಿಸುತ್ತಿತ್ತು. ಅವ್ವ ಹೆದರಿದಳು.

“ಭಾಳ ಜೋರು ಬರಾಕತ್ತದ. ನಾಳಿ ಮುಂಜಾನಿ ಇಳಿತೀನಿ.”

“ಈಗ ನೀರು ಬಿಟ್ಟಾರ, ಈಗ್ಲೇ ಇಳಿ ಅಕ್ಕ. ನಾಳಿ ಇರ್ತದೋ ಇಲ್ಲೋ ಯಾರಿಗ್ಗೊತ್ತು,” ಅಂದ ಮಾಮ.

ನಾನು ಟೀಚರಲ್ಲವೇ, ಸುಮ್ಮನಿರಲಿಲ್ಲ. “ಮಾಮಾ, ಸಮುದ್ರ ಎಲ್ಲಿಗೆ ಹೋಗ್ತದ?” ಎಂದು ನಕ್ಕೆ.

ಮರುದಿನ ನಾಷ್ಟಾ ಮುಗಿಸಿ ಹೊರಗೆ ಬಂದರೆ ಸಮುದ್ರ ಇರಲಿಲ್ಲ! ಮೆಟ್ಟಿಲ ಕೆಳಗೆ ಬರೀ ಕೆಸರು, ಅದರ ಮೇಲೆ ಕೊಕ್ಕರೆಗಳು. ನೀರು ಎಲ್ಲೋ ದೂರದಲ್ಲಿ ಒಂದು ಗೆರೆಯಂತೆ ಹೊಳೆಯುತ್ತಿತ್ತು. ಮಾಮ ನನ್ನನ್ನು ನೋಡಿದ ನೋಟಕ್ಕೆ ನನ್ನ ಬಿ.ಎಡ್. ಅಲ್ಲೇ ಕೆಸರಿಗೆ ಬಿತ್ತು.

ಡ್ರೈವರ್, “ಊಟ ಆದಕೂಡ್ಲೇ ಬಿಡಬೇಕ್ರೀ, ಕತ್ತಲಾಗೋದ್ರಾಗ ಘಾಟ್ ದಾಟಬೇಕು,” ಎಂದು ಗಾಡಿ ಒರೆಸತೊಡಗಿದ. ಅವ್ವನ ಕಣ್ಣಲ್ಲಿ ನೀರು ತುಂಬಿತ್ತು.

“ಕೆಸರು ದಾಟಿ ಹೋಗೂಣ ಬಾ ಯವ್ವಾ,” ಅಂದೆ.

“ಕೆಸರು ತುಳ್ಯಾಕ ಇಷ್ಟು ದೂರ ಬರಬೇಕಾಗಿತ್ತೇನು? ಮಾನ್ವ್ಯಾಗ ಇರಲಿಲ್ಲೇನು?”

ಮಾಮ ಲುಂಗಿ ಎತ್ತಿ ಕಟ್ಟಿದ. “ಮ್ಯಾಲಿನವರು ನೀರು ತಿರುವ್ಯಾರ. ಗೇಟ್ ಎಲ್ಲದೋ ನೋಡ್ಕೊಂಡು ಬರ್ತೀನಿ,” ಎಂದು ದಂಡೆಗುಂಟ ಹೊರಟೇಬಿಟ್ಟ. ಸ್ವಲ್ಪ ದೂರದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬನನ್ನು ವಿಚಾರಿಸಿದ.

“ಯಾರ್ರೀ ನೀರು ಬಂದ್ ಮಾಡಿದವ್ರು?”

ಮುದುಕ ತಲೆ ಎತ್ತಲೂ ಇಲ್ಲ. “ಯಾರೂ ಮಾಡ್ಲಿಲ್ಲ ಮಾರಾಯ್ರೆ, ಇಳಿತ. ನೀವು ಊಟ ಮುಗಿಸಿ ಬನ್ನಿ, ಕೆಳಗಿನ ಮೆಟ್ಟಿಲಿಗೆ ಬಂದಿರ್ತದೆ.”

ಮಾಮ ನಂಬಲಿಲ್ಲ. ನೀರು ಬರುತ್ತದೆ ಎಂಬ ಮಾತನ್ನು ಅವನು ಜೀವನದಲ್ಲಿ ಬೇಕಾದಷ್ಟು ಕೇಳಿದ್ದಾನೆ. ಊಟವನ್ನೂ ಬಿಟ್ಟು ಮೆಟ್ಟಿಲ ಮೇಲೆ ಕಾವಲು ಕೂತ. ನಾವು ಉಂಡು ಕೈ ತೊಳೆಯುವಾಗ ಅವನ ಕೂಗು ಕೇಳಿತು.

“ಅಕ್ಕಾ! ಬಾರಬೇ! ಬಂತು!”

ಅವ್ವ ಸೀರೆ ಎತ್ತಿಕೊಂಡು ಓಡಿದಳು. ಕೆಳಗಿನ ಮೆಟ್ಟಿಲಲ್ಲಿ ನಿಂತಳು. ನೀರು ಬಂದು ಎರಡೂ ಪಾದ ಮುಚ್ಚಿತು. ಅವ್ವ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಡ್ರೈವರೂ ಗಾಡಿ ಬಿಟ್ಟು ಬಂದು ನಿಂತ.

ಮಾಮ ಮಾತ್ರ ಆ ಮುದುಕನಿಗೆ ದೂರದಿಂದಲೇ ಕೈ ಮುಗಿದ. “ಹೇಳಿದ ಹೊತ್ತಿಗೆ ನೀರು! ಅಕ್ಕ, ಊರಾಗಿನ ಗದ್ದಿ ಮಾರಿ ಇಲ್ಲೇ ಎರಡೆಕರೆ ಭತ್ತ ಹಾಕೂಣ.”

ಅವ್ವ ಬೊಗಸೆಯಲ್ಲಿ ನೀರು ಎತ್ತಿ ಬಾಯಿಗೆ ಹಾಕಿಕೊಂಡು ಉಗುಳಿದಳು. “ಥೂ! ಇದು ಬರೀ ಉಪ್ಪೋ ತಮ್ಮಾ!”

“ಉಪ್ಪಿದ್ರ ಇರಲಿ ಬಿಡಕ್ಕ,” ಅಂದ ಮಾಮ. “ಟೈಮಿಗೆ ಬಂತಲ್ಲ!”