ಸುಬ್ರೆಟ್‌ಗೆ ಕನ್ನಡದಲ್ಲಿ ಏನಂತಾರೆ?

ಸ್ವೀಡನ್ನಿನಲ್ಲಿ ನನಗೆ ಅಂಟಿಕೊಂಡ ತಾಪತ್ರಯಗಳೆಲ್ಲ ಕಾಫಿ ಕುಡಿಯುವಾಗಲೇ ಅಂಟಿಕೊಂಡವು. ಇಲ್ಲಿನವರು ಅದಕ್ಕೆ ಫೀಕಾ ಅನ್ನುತ್ತಾರೆ. ಕಪ್ಪು ಕಾಫಿ, ಏಲಕ್ಕಿ ಹಾಕಿದ ಬನ್ನು, ಎದುರಿಗೆ ನಗುಮುಖದ ಯಾರೋ ಒಬ್ಬರು. ಬನ್ನು ಬಾಯಲ್ಲಿದ್ದಾಗ ಯಾರು ಏನು ಕೇಳಿದರೂ ನಾನು ತಲೆಯಾಡಿಸಿಬಿಡುತ್ತೇನೆ. ನಮ್ಮ ತಲೆಯಾಟ ಹೌದೋ ಅಲ್ಲವೋ ಎಂದು ಇಲ್ಲಿ ಯಾರಿಗೂ ತಿಳಿಯದ ಕಾರಣ ಅದನ್ನು ಹೌದು ಎಂದೇ ಇಟ್ಟುಕೊಳ್ಳುತ್ತಾರೆ.

೧. ಬುಧವಾರದೊಳಗೆ

ಎರಡು ಸಾವಿರದ ಆರನೇ ಇಸವಿ ಇರಬೇಕು. ಟೋರ್ಸ್‌ಲಾಂಡದ ಕಾರ್ ಫ್ಯಾಕ್ಟರಿಯಲ್ಲಿ ಬ್ರೇಕ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಸ್ವೀಡಿಷ್ ಸುಧಾರಿಸಲಿ ಅಂತ ಒಂದು ಸಂಜೆ ತರಗತಿಗೆ ಸೇರಿದೆ. ವಿಷಯ, ಹಳೆಯ ನಾಟಕ ಮತ್ತು ಅಪೆರಾ. ಅಡುಗೆ ತರಗತಿ ಭರ್ತಿಯಾಗಿತ್ತು.

ಪಾಠ ಹೇಳುತ್ತಿದ್ದವರು ಅಪೆರಾದಲ್ಲಿ ಪ್ರಾಂಪ್ಟರ್, ಅಂದರೆ ಮಾತು ಮರೆತ ನಟರಿಗೆ ಮರೆಯಿಂದ ಹೇಳಿಕೊಡುವವರು, ಆಗಿ ನಿವೃತ್ತರಾದ ಹೆಂಗಸು. ಹೆಸರು ಹಿಡಿದೇ ಕರೆಯಿರಿ ಅಂದರು. ಎಪ್ಪತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ, ಮೇಡಂ ಎಂದೇ ಕರೆದೆ.

ಆ ಕಾಲದ ನಾಟಕದವರು ಪಾತ್ರಗಳನ್ನು ಫ್ರೆಂಚ್ ಹೆಸರಿಟ್ಟು ವಿಂಗಡಿಸುತ್ತಿದ್ದರಂತೆ. ಜ್ಯೂನ್ ಪ್ರೆಮಿಯೆ ಅಂದರೆ ಪ್ರೇಮಿಸುವ ತರುಣ. ಪೆರ್ ನೋಬ್ಲ್ ಅಂದರೆ ಗಂಭೀರ ತಂದೆ. ಅಂಜೆನ್ಯೂ ಅಂದರೆ ಲೋಕ ಅರಿಯದ ಹುಡುಗಿ. ಸುಬ್ರೆಟ್ ಅಂದರೆ ಚೂಟಿಯಾದ ಮನೆಗೆಲಸದವಳು. ಒಮ್ಮೆ ತರುಣನಾಗಿ ಸೇರಿದವನು ಅರವತ್ತಾದರೂ ತರುಣನೇ.

"ನಮ್ಮಲ್ಲೂ ಹಾಗೇ ಮೇಡಂ. ಕಂಪನಿ ನಾಟಕದಲ್ಲಿ ರಾಜಕುಮಾರನ ಹೊಟ್ಟೆ ಮೊದಲು ಬರುತ್ತೆ, ರಾಜಕುಮಾರ ಆಮೇಲೆ ಬರ್ತಾನೆ," ಅಂದೆ.

ಅವರಿಗೆ ಖುಷಿಯಾಗಿ ಇನ್ನೊಂದು ಬನ್ನು ಕೊಟ್ಟರು. ಅದು ಬಾಯಲ್ಲಿದ್ದಾಗಲೇ ಕೇಳಿದರು: "ಇವನ್ನೆಲ್ಲ ನಿಮ್ಮ ಭಾಷೆಗೆ ಅನುವಾದ ಮಾಡ್ತೀರಾ?"

ತಲೆಯಾಡಿಸಿದ ಮೇಲೆ ಎಚ್ಚರವಾಗಿ, "ಸ್ವೀಡಿಷ್‌ನಲ್ಲಿ ಏನಂತೀರಿ?" ಎಂದು ವಿಚಾರಿಸಿದೆ.

"ನಮ್ಮ ರಾಜರು ಫ್ರೆಂಚರನ್ನು ನೋಡಿ ನಾಟಕ ಕಲಿತ ಕಾಲದಿಂದ ಯೋಚಿಸ್ತಿದ್ದೇವೆ, ಇನ್ನೂ ಏನೂ ಹೊಳೆದಿಲ್ಲ. ನೀವು ಬುಧವಾರದೊಳಗೆ ತನ್ನಿ."

೨. ಲೋಕ ಅರಿಯದ ಹುಡುಗಿ

ನನ್ನ ಜೊತೆ ಕೆಲಸ ಮಾಡುವ ಗೆಳೆಯ ಕುಂದಾಪುರದ ಕಡೆಯವನು, ಯಕ್ಷಗಾನದ ಹುಚ್ಚು. "ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಬೇಡ ಮಾರಾಯ. ತರುಣ ಅಂದ್ರೆ ಪುಂಡುವೇಷ," ಅಂದ.

"ಬೆಂಗಳೂರಿನವರಿಗೆ ಹಾಗಂದ್ರೆ ಪೊಲೀಸರಿಗೆ ಫೋನ್ ಮಾಡ್ತಾರೆ," ಅಂದೆ.

ಅಂಜೆನ್ಯೂಗೆ ‘ಮುಗ್ಧೆ’ ಎಂದು ಬರೆದುಕೊಂಡೆ. ಸರಿಯಿದೆಯೇ ನೋಡೋಣ ಎಂದು ಒಂಬತ್ತು ವರ್ಷದ ಮಗಳಿಗೆ ವಿವರಿಸಿದೆ. ಒಬ್ಬಳು ಹುಡುಗಿ, ಅವಳಿಗೆ ಲೋಕವೇ ಗೊತ್ತಿಲ್ಲ, ಯಾರು ಏನು ಹೇಳಿದರೂ ನಂಬುತ್ತಾಳೆ. ಮಗಳು ಎಂದಿನಂತೆ ಸ್ವೀಡಿಷ್‌ನಲ್ಲೇ ಉತ್ತರ ಕೊಟ್ಟಳು: "ಅಂಥವರು ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ. ನಮ್ಮ ಮನೇಲಿ ನೀನೊಬ್ಬ ಇದೀಯ."

೩. ಮೊಣಕಾಲಿನ ಪ್ರಶ್ನೆ

ಬುಧವಾರ ಸುಬ್ರೆಟ್ ಒಂದನ್ನು ಬಿಟ್ಟು ಉಳಿದ ಹೆಸರುಗಳನ್ನು ಮೇಡಂಗೆ ಒಪ್ಪಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಇಲ್ಲಿನ ಕನ್ನಡ ಸಂಘದ ಸಭೆಯಲ್ಲೂ ಬನ್ನು ಇತ್ತು. ನಾನು ತರಗತಿಯ ಕಥೆ ಹೇಳಿದ್ದೇ ತಡ, ಯುಗಾದಿಗೆ ಇದೇ ಮಾದರಿಯ ನಾಟಕ ಬರೆದು ಆಡಿಸ್ತೀರಾ ಎಂದರು; ತಲೆಯಾಡಿತು. ನಾಟಕ ಬರೆದೆ, ಹಾಲ್ ಗೊತ್ತುಮಾಡಿದೆ, ಮೇಡಂ ಅವರನ್ನು ಕರೆದೆ, ಫ್ಯಾಕ್ಟರಿಯ ತುಂಬ ಡಂಗುರ ಸಾರಿದೆ. ಇನ್ನು ನಾಟಕ ನಿಂತರೆ ನಾನು ಮುಖವೆತ್ತಿ ತಿರುಗುವ ಹಾಗಿರಲಿಲ್ಲ.

ಗಂಭೀರ ತಂದೆಯ ಪಾತ್ರವನ್ನು ನಾನೇ ಇಟ್ಟುಕೊಂಡೆ. ಮನೆಯ ಯಜಮಾನ, ಕೂತಲ್ಲಿಂದ ಏಳುವ ಕೆಲಸವಿಲ್ಲ. ತರುಣನ ಪಾತ್ರಕ್ಕೆ ಮೂವರು ಬಂದರು, ಮೂವರೂ ನಲವತ್ತು ದಾಟಿದವರು. ಇಲ್ಲಿ ಯಾವುದನ್ನೂ ಒಬ್ಬರೇ ತೀರ್ಮಾನಿಸಬಾರದು, ಎಲ್ಲರೂ ಒಪ್ಪುವವರೆಗೆ ಕೂತು ಚರ್ಚಿಸಬೇಕು. ಚರ್ಚಿಸಿದೆವು. ಕೊನೆಗೆ ಆಯ್ಕೆಯಾದವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ನಾಯಕಿ ಮುಂದೆ ಮಂಡಿಯೂರೋ ಸೀನ್ ಇದೆಯಲ್ಲ ಸರ್, ಊರ್ತೀನಿ. ಏಳಿಸೋಕೆ ಯಾರು ಬರ್ತಾರೆ?"

೪. ಪೊರಕೆ

ಮುಗ್ಧೆಯಾಗಲು ಹೆಂಗಸರೆಲ್ಲ ಸಿದ್ಧರಿದ್ದರು. ಸುಬ್ರೆಟ್ ಆಗಲು ಒಬ್ಬರೂ ಇಲ್ಲ. ಸ್ವೀಡನ್ನಿನಲ್ಲಿ ಕೆಲಸದವರನ್ನು ಇಟ್ಟುಕೊಂಡ ಕನ್ನಡದ ಮನೆಯನ್ನು ನಾನು ಕಂಡಿಲ್ಲ. ಗುಡಿಸಿ, ಒರೆಸಿ, ಬಚ್ಚಲು ತಿಕ್ಕಿ, ಬಾಗಿಲ ಹಿಮ ಎತ್ತಿಹಾಕಿ ಬರುತ್ತಿದ್ದ ಆ ಹೆಂಗಸರೇ ವೇದಿಕೆಯ ಮೇಲೆ ಒಂದು ಲೋಟ ತೊಳೆಯಲು ತಯಾರಿರಲಿಲ್ಲ.

"ನೀವು ನಾಟಕದ ಸಿ.ಡಿ. ಮಾಡಿಸ್ತೀರಿ, ಅದು ಊರಿಗೆ ಹೋಗುತ್ತೆ," ಅಂದರು ಸಂಘದ ಅಧ್ಯಕ್ಷರ ಹೆಂಡತಿ. "ಸೊಸೆ ಸ್ವೀಡನ್ನಿಗೆ ಹೋಗಿ ಪಾತ್ರೆ ತೊಳೀತಿದಾಳೆ ಅಂತ ನಮ್ಮತ್ತೆಗೆ ಗೊತ್ತಾಗ್ಬೇಕಾ?"

"ಅವಳು ಬರೀ ಕೆಲಸದವಳಲ್ಲಮ್ಮ. ಇಡೀ ಮನೆ ನಡೆಸೋಳು. ಯಜಮಾನನಿಗೇ ಬೈತಾಳೆ."

"ಬೈದ್ರೂ ಕೆಲಸದವಳೇ ತಾನೆ?"

ಚೇಟಿ ಎಂದು ಸಂಸ್ಕೃತಕ್ಕೆ ಹೋದೆ, ಯಾರೂ ಬರಲಿಲ್ಲ. ಸಖಿ ಅಂದೆ, ಅನುಮಾನಪಟ್ಟರು. ರಾತ್ರಿಯೆಲ್ಲ ತಲೆ ಕೆರೆದುಕೊಂಡು ‘ಗೃಹ ಸಲಹೆಗಾರ್ತಿ’ ಎಂದು ಹೊಸ ಹೆಸರು ಕಟ್ಟಿದೆ. ಅಧ್ಯಕ್ಷರ ಹೆಂಡತಿಯ ಮುಖ ಅರಳಿತು.

"ಕೈಯಲ್ಲಿ ಪೊರಕೆ ಇರುತ್ತಾ?"

"ಇರುತ್ತೆ."

"ಹಾಗಾದ್ರೆ ಬೇಡ."

೫. ಆಮೇಲೆ?

ನಾಟಕ ನಿಂತೇಹೋಯಿತು ಎಂದು ನಾನು ಊಟ ಬಿಟ್ಟು ಕೂತಿದ್ದಾಗ ನನ್ನ ಹೆಂಡತಿ, "ನಾನು ಮಾಡ್ತೀನಿ ಬಿಡ್ರೀ," ಅಂದಳು. ಅಲ್ಲಿಯವರೆಗೆ ಅವಳಿಗೆ ಪಾತ್ರ ಕೊಡುವುದು ನನಗೆ ಹೊಳೆದೇ ಇರಲಿಲ್ಲ. ಪರದೆ ಹಿಂದೆ ಕೂತು ಮಾತು ಮರೆತವರಿಗೆ ಪಿಸುಗುಟ್ಟುವುದು ಅವಳ ಪಾಲಿಗೆ ಬಂದಿತ್ತು. "ಎಲ್ಲರ ಡೈಲಾಗೂ ನಂಗೆ ಬರುತ್ತೆ. ನಿಮ್ದೂ ಬರುತ್ತೆ. ನಿಮಗೊಬ್ಬರಿಗೆ ನಿಮ್ದು ಬರಲ್ಲ."

ಯುಗಾದಿ ಬಂತು. ಹಾಲ್ ತುಂಬಿತ್ತು, ಮುಂದಿನ ಸಾಲಿನಲ್ಲಿ ಮೇಡಂ. ನಾನು ಶಾಲು ಹೊದ್ದು ಕುರ್ಚಿಯಲ್ಲಿ ಕೂತೆ. ಪೊರಕೆ ಹಿಡಿದು ಅವಳು ಬಂದಳು. ಆ ಸೀನಿನಲ್ಲಿ ಅವಳು ಯಜಮಾನನಿಗೆ ಎರಡು ಮಾತು ಬೈಯಬೇಕು, ನಾನು ಗತ್ತಿನಿಂದ "ಆಮೇಲೆ?" ಎನ್ನಬೇಕು, ಅದರ ಹಿಂದೆಯೇ ಒಂದು ಪುಟದಷ್ಟು ಉಪದೇಶ ಮಾಡಬೇಕು.

ಎರಡು ಮಾತು ಬೈದಳು. "ಆಮೇಲೆ?" ಅಂದೆ. ಮುಂದಿನದು ಮರೆತುಹೋಯಿತು. ಅಭ್ಯಾಸಬಲದಿಂದ ಪರದೆಯ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಪಿಸುಗುಟ್ಟಬೇಕಾದವಳು ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಆಮೇಲೆ, ಯಜಮಾನ್ರೇ, ಬಿಲ್ಡಿಂಗಿನ ಲಾಂಡ್ರಿ ರೂಮ್ ಬುಕ್ ಮಾಡ್ತೀನಿ ಅಂದ್ರಿ. ಮಾಡಿದ್ರಾ? ಪಕ್ಕದ್ಮನೆಯವರ ಪಾಳಿಯಲ್ಲಿ ನಮ್ಮ ಬಟ್ಟೆ ಹಾಕಿ ಬೈಸ್ಕೊಂಡೋರು ಯಾರು?"

ಇದು ನಾನು ಬರೆದ ಮಾತಲ್ಲ. ನನಗೆ ನೆನಪಿದ್ದದ್ದು ಒಂದೇ ಮಾತು, ಅದನ್ನೇ ಹೇಳಿದೆ. "ಆಮೇಲೆ?"

"ಆಮೇಲೆ, ಶಾಲು ಹೊದ್ದು ಕೂತಿದೀರಲ್ಲ, ಅದನ್ನ ಇಸ್ತ್ರಿ ಮಾಡಿದ್ಯಾರು?"

"ಆ... ಆಮೇಲೆ?"

"ಕಸದ ವಿಷಯ ಹೇಳ್ರೀ!" ಮೂರನೇ ಸಾಲಿನಿಂದ ಒಂದು ಹೆಣ್ಣು ಧ್ವನಿ. "ಗಾಜು ಬೇರೆ, ಪೇಪರ್ ಬೇರೆ ಮಾಡೋದು ಯಾರು ಅಂತ ಕೇಳ್ರೀ!" ಹಾಲ್‌ನಲ್ಲಿದ್ದ ಹೆಂಗಸರೆಲ್ಲ ಶಿಳ್ಳೆ ಹೊಡೆದರು. ಗಂಡಸರು ಕಾರ್ಯಕ್ರಮದ ಹಾಳೆ ಓದುತ್ತಾ ತಲೆ ತಗ್ಗಿಸಿದರು. ನನ್ನ ಮಗಳು ಕುರ್ಚಿ ಹತ್ತಿ ನಿಂತು, ಅಚ್ಚ ಕನ್ನಡದಲ್ಲಿ, "ಇನ್ನೂ ಬೈಯಮ್ಮಾ!" ಎಂದು ಕೂಗಿದಳು. ಅವಳ ಬಾಯಲ್ಲಿ ಕನ್ನಡ ಬಂದದ್ದಕ್ಕೆ ಸಂತೋಷವಾಯಿತು, ನಿಜ. ಆದರೆ ಸಂತೋಷಪಡುವ ಹೊತ್ತು ಅದಾಗಿರಲಿಲ್ಲ.

ನಾಟಕ ಮುಗಿದಾಗ ಒಂದಕ್ಷರ ಕನ್ನಡ ಬಾರದ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿ, ನನ್ನ ಕೈ ಕುಲುಕಿದರು. "ಸುಬ್ರೆಟ್ ಒಂದನ್ನು ಸರಿಯಾಗಿ ಅನುವಾದ ಮಾಡಿದ್ದೀರಿ," ಅಂದರು.

ಮರುವರ್ಷ ಮತ್ತೆ ನಾಟಕವಾಗಬೇಕೆಂದು ಸಂಘ ಒತ್ತಾಯಿಸಿತು. ಮುಗ್ಧೆಯಾಗಲು ಒಬ್ಬರೂ ಬರಲಿಲ್ಲ. ಕೆಲಸದವಳ ಪಾತ್ರಕ್ಕೆ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಯಜಮಾನನ ಪಾತ್ರ ಅಂದಕೂಡಲೇ ಗಂಡಸರಿಗೆಲ್ಲ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು. ಸಾಲಿನ ಮೊದಲಿಗರು ಅಧ್ಯಕ್ಷರ ಹೆಂಡತಿ.

"ಕೈಯಲ್ಲಿ ಪೊರಕೆ ಇರುತ್ತೆ ತಾನೆ?"

"ಇರುತ್ತಮ್ಮ."

"ನಾಟಕದ್ದು ಬೇಡ. ಮನೆಯಿಂದ ನಂದೇ ತರ್ತೀನಿ. ನಮ್ಮ ಯಜಮಾನ್ರಿಗೆ ಅದರ ಗುರುತು ಇದೆ."